ಪ್ರಶ್ನೆಪತ್ರಿಕೆ ಬಯಲು ಮಾಡಿದ ಕಾಕಾ

ನಮ್ಮ ಕಾಕಾ ತಮ್ಮ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಪ್ರಶ್ನೆಪತ್ರಿಕೆ ಬಯಲು ಮಾಡಿ ಸಿಕ್ಕಿಬಿದ್ದರು! ಸುದ್ದಿಮನೆಯಲ್ಲಿ ಇಪ್ಪತ್ತು ವರ್ಷ ಕಳೆದವನು ನಾನು. ಇಂಥ ಸುದ್ದಿ ಬಂದರೆ ಎರಡೂ ಕಡೆಯವರನ್ನು ಕೇಳದೆ ಒಂದು ಸಾಲನ್ನೂ ಮುಂದೆ ಬಿಡುವುದಿಲ್ಲ. ಇಲ್ಲೂ ಕೇಳಿದ್ದೇನೆ. ಆರೋಪಿ ತಪ್ಪೊಪ್ಪಿಕೊಂಡಿದ್ದಾರೆ. ಅಷ್ಟೇ ಅಲ್ಲ, "ಮತ್ತ ಸಂಧಿ ಸಿಕ್ಕರ ಮತ್ತ ಮಾಡ್ತೀನಿ" ಎಂದೂ ಹೇಳಿಕೆ ಕೊಟ್ಟಿದ್ದಾರೆ.

ಕಾಕಾ ಶಹಾಬಾದಿನ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಪಾಲಿಶ್ ಕಾರ್ಖಾನೆಯೊಂದರಲ್ಲಿ ನಲವತ್ತು ವರ್ಷ ದುಡಿದವರು. ಕೆಲಸ ಇಷ್ಟೆ: ಬೆರಳಿನ ಗೆಣ್ಣಿನಿಂದ ಕಲ್ಲನ್ನು ಬಡಿದು ಕೇಳುವುದು. ಗಟ್ಟಿ ಕಲ್ಲು ಟಣ್ ಎನ್ನುತ್ತದೆ, ಒಳಗೆ ಬಿರುಕಿದ್ದರೆ ಡಬ್ ಎನ್ನುತ್ತದೆ. ಕಾಕಾ ನಿವೃತ್ತರಾದರು, ಗೆಣ್ಣು ಮಾತ್ರ ಆಗಲಿಲ್ಲ. ಕಲ್ಲಂಗಡಿ, ಬಾಗಿಲು, ನನ್ನ ಬೈಕಿನ ಟ್ಯಾಂಕು, ಯಾವುದನ್ನೂ ಬಡಿಯದೆ ಬಿಡರು. ಯಾರದೋ ಗೃಹಪ್ರವೇಶಕ್ಕೆ ಹೋದರೆ ಊಟಕ್ಕೆ ಕೂರುವ ಮೊದಲು ಹಜಾರವನ್ನೆಲ್ಲ ಬಡಿದು, ಯಜಮಾನನ ಎದುರೇ "ಮೂರು ಫರಸಿ ಟೊಳ್ಳು ಕುಂತಾವ" ಎಂದು ತೀರ್ಪು ಕೊಟ್ಟುಬಿಡುವುದು! ನಾನು ಸೇಡಂಗೆ ಹೆಣ್ಣು ನೋಡಲು ಹೋದಾಗಲೂ ಅಷ್ಟೆ. ಹುಡುಗಿ ಚಹಾ ತರುವಷ್ಟರಲ್ಲಿ ಅವರ ನೆಲವನ್ನು ಮೂಲೆಯಿಂದ ಮೂಲೆಗೆ ಬಡಿದು ಮುಗಿಸಿ ನನ್ನ ಕಿವಿಯಲ್ಲಿ ಹೇಳಿದರು: "ಮನಿ ಗಟ್ಟಿ ಅದ, ಒಪ್ಕೋ." ಒಪ್ಪಿಕೊಂಡೆ. ನೆಲದ ಬಗ್ಗೆ ಅವರು ಹೇಳಿದ್ದು ನಿಜ. ಉಳಿದ ವಿಷಯದಲ್ಲಿ ನಾನು ಪ್ರತಿಕ್ರಿಯೆಗೆ ಲಭ್ಯನಿಲ್ಲ.

ಈಗ ಪ್ರಕರಣಕ್ಕೆ ಬರೋಣ. ವಯಸ್ಸಾದವರು ಆರೋಗ್ಯವಾಗಿ, ತಮ್ಮ ಕೆಲಸ ತಾವೇ ಮಾಡಿಕೊಂಡು ಬಾಳಲು ಏನು ಬೇಕು ಎಂದು ಸಂಶೋಧನೆ ಮಾಡುವವರು ಓಣಿಯ ಸಮುದಾಯ ಭವನದಲ್ಲಿ ಕ್ಯಾಂಪ್ ಹಾಕಿದರು. ಮೊದಲು ಗಂಡಸರು, ಮುಂದಿನ ತಿಂಗಳು ಹೆಂಗಸರು. ಅದೇ ಹೊತ್ತಿಗೆ ಕಾಕಾನ ಮನೆಯಲ್ಲಿ ಒಂದು ಗುದ್ದಾಟ ನಡೆದಿತ್ತು. ಕಾಕಿ ಎರಡು ಸಲ ಗ್ಯಾಸ್ ಆರಿಸಲು ಮರೆತಿದ್ದರು. ಒಮ್ಮೆ ಬೇಳೆಯ ಪಾತ್ರೆ ಕರಕಾಯಿತು, ಇನ್ನೊಮ್ಮೆ ಖಾಲಿ ಹಂಚು ಕೆಂಪಗೆ ಕಾದಿತ್ತು. ಮಗ ವಾಡಿಯಲ್ಲಿ ನೌಕರಿ ಮಾಡುತ್ತಾನೆ, ಸೊಸೆ ಶಾಲೆಯಲ್ಲಿ ಟೀಚರ್. ಹಗಲು ಮನೆಯಲ್ಲಿ ಇವರಿಬ್ಬರೇ.

"ಅವ್ವಗ ಮರವು ಭಾಳ ಆಗ್ಯಾದ," ಎಂದ ಮಗ. "ಕ್ಯಾಂಪಿನಾಗ ಏನ್ ಹೇಳ್ತಾರ ನೋಡಮು. ಮರವು ಅದ ಅಂದ್ರ ಅಂದಿಗೇ ಒಲಿ ಬಂದ್. ಊಟದ ಡಬ್ಬಿ ತರ್ಸಮು."

ಐವತ್ತು ವರ್ಷ ಆ ಮನೆಗೆ ಜೋಳದ ರೊಟ್ಟಿ ಬಡಿದ ಕಾಕಿ ಅಲ್ಲೇ ಕೂತು ಕೇಳುತ್ತಿದ್ದರು. ಹಿಟ್ಟು ನಾದುತ್ತಿದ್ದ ಕೈ ನಿಂತಿತು, ಅಷ್ಟೆ.

ಗಂಡಸರ ಕ್ಯಾಂಪಿಗೆ ಕಾಕಾನನ್ನು ಕರೆದುಕೊಂಡು ಹೋದವನು ನಾನೇ. ಸಂಶೋಧಕಿ ಚಿತ್ತಾಪುರ ಕಡೆಯ ಹುಡುಗಿ. ಗೋಡೆಯಿಂದ ಟೇಬಲ್ಲಿನವರೆಗೆ ನಡೆಯಬೇಕು, ಆಕೆ ಗಡಿಯಾರ ನೋಡುತ್ತಾಳೆ.

"ದಿನಾ ಹೆಂಗ ನಡೀತೀರೋ ಹಂಗೇ ನಡೀರಿ, ಮುತ್ಯಾ."

ಕಾಕಾ ಮೂರು ಹೆಜ್ಜೆ ನಡೆದರು. ನಿಂತರು. ಕುಕ್ಕರುಗಾಲಲ್ಲಿ ಕೂತು ನೆಲ ಬಡಿದರು. ಡಬ್!

"ಮುತ್ಯಾ, ಟೈಮ್ ಓಡಾಕತ್ತದ!"

"ಓಡ್ಲಿ ಬಿಡವ್ವ. ಈ ಫರಸಿ ತಳಗ ಟೊಳ್ಳದ. ನಾಳಿ ಯಾರರ ಎಡವಿ ಬಿದ್ರ?"

"ದಿನಾ ನಡ್ದಂಗ ನಡೀರಿ ಅಂದಿದ್ನಲ್ರಿ."

"ನಾ ದಿನಾ ನಡೆಯೋದೇ ಹಿಂಗ!"

ಅವರು ಸುಳ್ಳು ಹೇಳಲಿಲ್ಲ. ಆಕೆಯ ದಾಖಲೆಯಲ್ಲಿ ಮಾತ್ರ ಕಾಕಾ ಶಹಾಬಾದಿನ ಅತಿ ನಿಧಾನದ ಮನುಷ್ಯ.

ಕೊನೆಗೆ ನೆನಪಿನ ಪರೀಕ್ಷೆ. ಆಕೆ ಐದು ಶಬ್ದ ಹೇಳಿದಳು; ಸ್ವಲ್ಪ ಹೊತ್ತಿನ ನಂತರ ತಿರುಗಿ ಹೇಳಬೇಕು. ಕೊಡಲಿ, ಬೆಲ್ಲ, ರೈಲು, ಕಿವಿ, ಮಲ್ಲಿಗೆ. ಕಾಕಾ ಪಟಪಟನೆ ಹೇಳಿದರು. ಹೇಳಿ ಸುಮ್ಮನಾದರೇ? ದಾರಿಯುದ್ದಕ್ಕೂ ಅವನ್ನೇ ಗೊಣಗುತ್ತ ಬಂದರು. ನಾನು ನಡುವೆ ಮಾತಾಡಿದರೆ ಬೆರಳೆತ್ತಿ ಸುಮ್ಮನಾಗಿಸಿದರು. ಮನೆಗೆ ಬಂದವರೇ ಒಂದು ಫರಸಿ ತುಂಡಿನ ಮೇಲೆ ಸೀಮೆಸುಣ್ಣದಿಂದ ಐದನ್ನೂ ಬರೆದು ಕಟ್ಟೆಗೆ ಆನಿಸಿ ನಿಲ್ಲಿಸಿದರು.

ಅಂದಿನಿಂದ ಒಂದು ತಿಂಗಳು ಸಂಜೆ ಆ ಕಟ್ಟೆಯ ಮೇಲೆ ಶಾಲೆ! ವಿದ್ಯಾರ್ಥಿನಿಯರು ಓಣಿಯ ಮುದುಕಿಯರೆಲ್ಲ.

"ಗುಂಡಮ್ಮ, ಮೂರನೇದು?"

"ಬಸ್ಸು," ಎಂದರು ಪಕ್ಕದ ಮನೆಯ ಗುಂಡಮ್ಮ.

"ರೈಲು!"

"ಎಲ್ಡೂ ಲೇಟೇ ಬರ್ತಾವಲ್ರಿ, ಯಾವ್ದಾದ್ರೇನು?"

ಕಾಕಿ ಎದ್ದರು. "ನಿಮ್ಮ ಶಾಲಿ ಸಾಕ್ರಿ. ಒಲಿ ಮ್ಯಾಲ ಬ್ಯಾಳಿ ಇಟ್ಟೀನಿ."

"ಐದೂ ಹೇಳಿ ಹೋಗು."

ಐದೂ ಬರುವಷ್ಟರಲ್ಲಿ ಬೇಳೆ ತಳ ಹಿಡಿಯಿತು. ತಪ್ಪು ಯಾರದು ಎಂಬುದು ಇನ್ನೂ ತನಿಖೆಯ ಹಂತದಲ್ಲಿದೆ.

ಹೆಂಗಸರ ಕ್ಯಾಂಪಿನ ದಿನ ಮೊದಲು ಕೂತವರು ಗುಂಡಮ್ಮ.

"ನಿಮ್ಮ ಹೆಸರೇನ್ರಿ, ಆಯಿ?"

"ಕೊಡಲಿ, ಬೆಲ್ಲ, ರೈಲು, ಕಿವಿ, ಮಲ್ಲಿಗಿ!"

ಎರಡನೆಯವರೂ ಹಾಗೆಯೇ. ಮೂರನೆಯವರು ಕೂರುವ ಗೋಜಿಗೂ ಹೋಗದೆ ಬಾಗಿಲಲ್ಲೇ ಒಪ್ಪಿಸಿದರು. ಸಂಶೋಧಕಿ ಪೆನ್ನು ಕೆಳಗಿಟ್ಟಳು. "ಇದನ್ನ ಹೇಳ್ಕೊಟ್ಟವ್ರು ಯಾರು?"

ಎಲ್ಲ ಬೆರಳೂ ಕಿಟಕಿಯತ್ತ ತಿರುಗಿದವು. ಹೊರಗೆ ನನ್ನ ಪಕ್ಕದಲ್ಲಿ ಸರಳು ಹಿಡಿದು ನಿಂತಿದ್ದರು ಕಾಕಾ.

"ಮುತ್ಯಾ, ಎಲ್ಲಾ ಕೆಡಿಸಿದ್ರಿ! ಇದು ಪರೀಕ್ಷಾ ಅಲ್ರಿ. ಇಲ್ಲಿ ಪಾಸಿಲ್ಲ, ಫೇಲಿಲ್ಲ."

"ನಿನಗ ಇಲ್ಲವ್ವ," ಎಂದರು ಕಾಕಾ. "ನಮ್ಮ ಮನ್ಯಾಗ ಅದ."

ನಂತರ ಒಲೆಯ ವಿಷಯವನ್ನೆಲ್ಲ ಹೇಳಿದರು. ಆಕೆ ನಗಲಿಲ್ಲ. ಬೇರೆ ಐದು ಶಬ್ದ ಬರೆದುಕೊಂಡು ಕಾಕಿಯನ್ನು ಕರೆದಳು.

ಕಾಕಿ ಕೇಳಿಸಿಕೊಂಡರು, ತಲೆಯಾಡಿಸಿದರು. ಬೇರೆ ಪ್ರಶ್ನೆಗಳಿಗೆ ಉತ್ತರಿಸಿದರು. ಸ್ನಾನ ನಾನೇ ಮಾಡ್ತೀನಿ, ಸಂತಿಗಿ ನಾನೇ ಹೋಗ್ತೀನಿ. ಆಮೇಲೆ ಆಕೆ ಕೇಳಿದಳು: "ಆಗ ಹೇಳಿದ್ನಲ್ರಿ ಆಯಿ, ಐದು ಶಬ್ದ?"

ಕಾಕಿ ಸೆರಗಿನ ತುದಿ ಸುತ್ತಿದರು, ಬಿಚ್ಚಿದರು. ನಂತರ ಮೆಲ್ಲಗೆ, ಒಂದೂ ತಪ್ಪದೆ: "ಕೊಡಲಿ, ಬೆಲ್ಲ, ರೈಲು, ಕಿವಿ, ಮಲ್ಲಿಗಿ."

"ಅವಲ್ರಿ. ಇವತ್ತಿನವು."

ಕಾಕಿ ಕಿಟಕಿಯತ್ತ ನೋಡಿದರು. ಕಾಕಾನ ಗೆಣ್ಣು ಸರಳಿನ ಮೇಲೆ ಅಲುಗಾಡದೆ ನಿಂತದ್ದನ್ನು ಅಂದೇ ಮೊದಲು ನೋಡಿದೆ.

ಸಂಜೆ ವಾಡಿಯಿಂದ ಬಂದ ಮಗನಿಗೆ ಸಂಶೋಧಕಿ ಮುಚ್ಚಿಡದೆ ಹೇಳಿದಳು: "ಹೊಸಾದು ಉಳಿಯಾಕತ್ತಿಲ್ರಿ, ಡಾಕ್ಟರಿಗಿ ತೋರಸ್ರಿ. ಆದ್ರ ಒಂದ್ ತಿಂಗಳು ರೂಢಿ ಮಾಡ್ಸಿದ್ದು ಹೆಂಗ ಉಳ್ದದ ನೋಡ್ರಿ. ಒಲಿ ಕಸ್ಕೊಂಡ್ರ ಮರವು ಹೋಗಂಗಿಲ್ಲ, ಕೈ ಅಷ್ಟೇ ಖಾಲಿ ಆಗ್ತಾವ. ಆಗೋ ಕೆಲ್ಸ ಮಾಡ್ಲಿ. ಜೋಡಿ ಒಬ್ರು ಇರ್ರಿ."

"ಹಗಲೆಲ್ಲ ಯಾರ್ ಇರ್ಬೇಕ್ರಿ?" ಎಂದ ಮಗ.

ಕಾಕಾಗೆ ಸಿಟ್ಟು ಬಂತು. "ಬಿರಕ ಬಿಟ್ಟ ಫರಸಿ ನಾವೇನ್ ತಿಪ್ಪಿಗಿ ಒಗೀತಿದ್ವೇನೋ? ತಳಗ ಟೊಳ್ಳು ಇಲ್ದಂಗ ಗಚ್ಚು ತುಂಬಿ ಕುಂದ್ರಸ್ತಿದ್ವಿ. ಆ ಮ್ಯಾಲ ಮೂವತ್ತು ವರ್ಷ ಮಂದಿ ಅಡ್ಡಾಡ್ತಿದ್ರು. ನಾ ಇರ್ತೀನಿ!"

ಮರುದಿನದಿಂದ ಅವರ ಸ್ಟೂಲು ಅಡುಗೆಮನೆಯ ಹೊಸ್ತಿಲ ಬಳಿಗೆ ಬಂತು. ಕೊನೆಯ ರೊಟ್ಟಿ ಇಳಿದ ಕೂಡಲೇ ಕಾಕಾ ಬಗ್ಗಿ ನೆಲವನ್ನು ಎರಡು ಸಲ ಬಡಿಯುತ್ತಾರೆ. ಕಾಕಿ ಗ್ಯಾಸ್ ಆರಿಸುತ್ತಾರೆ. ಮತ್ತೆ ಅದೇ ಶಾಲೆ, ಈ ಸಲ ಒಬ್ಬರೇ ವಿದ್ಯಾರ್ಥಿನಿ. ಒಮ್ಮೆ ಕೇಳಿದೆ: "ಆವಾಗ ಕಾಕಿ ಒಬ್ಬರಿಗೇ ಹೇಳಿಕೊಟ್ಟಿದ್ದರೆ ಸಿಕ್ಕಿಬೀಳುತ್ತಿರಲಿಲ್ಲವಲ್ಲ, ಕಾಕಾ?"

"ಆಕಿ ಒಬ್ಬಾಕಿಗೇ ಕಲಿಸಿದ್ರ ಯಾಕ ಅಂತ ಆಕಿಗಿ ತಿಳೀತಿತ್ತಲ್ಲೋ ಹುಚ್ಚಾ."

ಕಳೆದ ವಾರ ಮಧ್ಯಾಹ್ನ ಹೋದೆ. ಸ್ಟೂಲಿನ ಮೇಲೆ ಕಾಕಾ ಗದ್ದವನ್ನು ಎದೆಗೊತ್ತಿ ಗೊರಕೆ ಹೊಡೆಯುತ್ತಿದ್ದರು. ಕಾವಲುಗಾರನೇ ನಿದ್ದೆಗೆ ಜಾರಿದರೆ! ಗಾಬರಿಯಿಂದ ಒಳಗೆ ಕಾಲಿಡುವಷ್ಟರಲ್ಲಿ ಕಾಕಿ ಬಂದು ಅವರ ಎದುರು ತಟ್ಟೆ ಇಟ್ಟರು. ಬಗ್ಗಿ, ಗೆಣ್ಣಿನಿಂದ ನೆಲವನ್ನು ಎರಡು ಸಲ ಬಡಿದರು.

"ಏಳ್ರಿ. ರೊಟ್ಟಿ ತಣ್ಣಗಾಗ್ತಾವ."

ನಾನು ಒಲೆಯತ್ತ ನೋಡಿದೆ. ಆರಿತ್ತು.