ಟ್ಯಾಬ್ ಒತ್ತಿದರೆ ಊಟ

"ನಾಗು, ಇಲ್ಲಿ ನೋಡೇ! 'ಉಪ್' ಅಂತ ಹೊಡೆದು ಟ್ಯಾಬ್ ಗುಂಡಿ ಒತ್ತಿದ್ರೆ ಸಾಕು, ಮಿಕ್ಕ ಆಜ್ಞೆನೆಲ್ಲ ಕಂಪ್ಯೂಟರೇ ಬರ್ಕೊಳ್ಳುತ್ತೆ!"

ತಿಪಟೂರಿನ ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ ಶೇಷಾದ್ರಿ ಕುಣಿಯುವುದೊಂದು ಬಾಕಿ. ಅವನು ಕಟ್ಟಿದ ಬಂಡಿ ಹಳಿಯ ಮೇಲೆ ಓಡುತ್ತ, ಕಪ್ಪು ಪರದೆಯಲ್ಲಿ ಟೈಪು ಮಾಡಿದ್ದನ್ನು ಬಡಿಸುತ್ತಿತ್ತು. ಆಜ್ಞೆಯನ್ನು ಪೂರ್ತಿ ಮಾಡಿಕೊಡುವ ಹಳೆಯ ಪ್ರೋಗ್ರಾಂ ಬರಹ ಮಾತ್ರ ಆವರಣ, ಡಾಲರು, ನಕ್ಷತ್ರ ಚಿಹ್ನೆಗಳ ಮುಳ್ಳುಬೇಲಿ. ಬರೆದವನಿಗೇ ಅರ್ಥವಾಗದು! ನಿನ್ನೆ ಅದನ್ನೆಲ್ಲ ಅಳಿಸಿ ಒಂದೇ ಸಾಲು ಉಳಿಸಿದ್ದ: ಒಂದಾದ ಮೇಲೆ ಅದರ ಮುಂದಿನದು.

ಹೆಂಡತಿ ನಾಗವೇಣಿಗೂ ಉತ್ಸಾಹ ತಡೆಯಲಿಲ್ಲ. ಇವತ್ತಿನ ಮದುವೆ ಅಡುಗೆ ಅವಳದು. ವರನ ದೊಡ್ಡಪ್ಪ ಅಶ್ವತ್ಥಯ್ಯನವರೇ ಮಂಟಪದ ಯಜಮಾನರು, ಮೊಸರಲ್ಲಿ ಕಲ್ಲು ಹುಡುಕುವ ಆಸಾಮಿ. ಅವರು ಮೆಚ್ಚಿದರೆ ಇಲ್ಲಿನ ಅಡುಗೆಮನೆ ಇನ್ನು ಅವಳದೇ!

ಪಂಕ್ತಿ ಕೂತಿತು. ಟ್ಯಾಬ್! ಬಂಡಿ ಸರ್ರನೆ ಹೋಗಿ ಇನ್ನೂರು ಎಲೆಗಳ ಮೂಲೆಗೆ ಉಪ್ಪು ಹಾಕಿತು. ಚಪ್ಪಾಳೆ! ಶೇಷಾದ್ರಿ ಗುಂಡಿಯಿಂದ ಕೈ ತೆಗೆದ. ಆದರೂ ಕೋಸಂಬರಿ ಬಂತು, ಪಲ್ಯ ಬಂತು, ಅನ್ನದ ಮೇಲೆ ಸಾರು ಹರಿಯಿತು.

"ಸಾಕು, ಸಾಕಪ್ಪಾ!" ಅಶ್ವತ್ಥಯ್ಯ ಎಲೆಗೆ ಎರಡೂ ಕೈ ಅಡ್ಡ ಹಿಡಿದರು. ಪಾಯಸ ಕೈಮೇಲೆಯೇ ಬಿತ್ತು.

"ರೀ, ನಿಲ್ಸ್ರೀ!"

"ಹೇಗೆ ನಿಲ್ಸೋದೇ? 'ಬೇಕಾ, ಸಾಕಾ' ಅಂತ ಕೇಳೋ ಸಾಲು ಆ ಮುಳ್ಳುಬೇಲಿ ಒಳಗೇ ಇತ್ತು ಕಣೇ!"

"ಕೇಳ್ದೆ ಬಡಿಸ್ತಾರೇನ್ರೀ ಯಾರಾದ್ರೂ? ಪ್ಲಗ್ಗಾದ್ರೂ ಕೀಳಿ!"

"ಬ್ಯಾಟರಿ ಇದೆ!" ಎಂದ ಶೇಷಾದ್ರಿ, ಆಗಲೂ ಹೆಮ್ಮೆಯಿಂದಲೇ.

ಮಜ್ಜಿಗೆಯೂ ಆಯಿತು. ಅದರ ಮುಂದಿನದು? ಯಾರೂ ಒಂದು ತುತ್ತೆತ್ತುವ ಮೊದಲೇ ಬಂಡಿ ಇನ್ನೂರು ಎಲೆಗಳನ್ನೂ ಮಡಚಿ ಎತ್ತಿಕೊಂಡು, ಎಲ್ಲರ ಕೈಗೆ ಎಲೆ ಅಡಿಕೆ ಕೊಟ್ಟುಬಿಟ್ಟಿತು! ಆಮೇಲೆ ಎರಡನೇ ಪಂಕ್ತಿ. ಏಳದೆ ಕೂತಿದ್ದ ಅಶ್ವತ್ಥಯ್ಯನವರ ತೊಡೆಯ ಮೇಲೆಯೇ ಹೊಸ ಎಲೆ ಹಾಸಿ, ಮತ್ತೆ ಉಪ್ಪಿನಿಂದ ಶುರು ಮಾಡಿತು.

ನಾಗವೇಣಿಗೆ ಅಳುವೇ ಬಂತು. ಆದರೂ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೊಪ್ಪರಿಗೆಯ ಮುಚ್ಚಳವನ್ನು ಹಳಿಗೆ ಅಡ್ಡ ಎಸೆದಳು. ಬಂಡಿ ದಡಾರನೆ ಮಗುಚಿತು. ತಾನೇ ಎಲೆ ಹಾಕಿ, ಅನ್ನ ಸಾರು ಬಡಿಸಿ, ಯಜಮಾನರು ಒಂದು ತುತ್ತು ನುಂಗುವುದನ್ನೇ ಕಾದಳು.

"ಇನ್ನೊಂಚೂರು ಸಾರು ಹಾಕ್ಲಾ ಯಜಮಾನ್ರೇ?"

"ಅಬ್ಬಾ, ಕೇಳಿದ್ಯಲ್ಲ ತಾಯಿ! ಸಾರೂ ಹಾಕು, ಅಡುಗೆಮನೆ ಬೀಗದ ಕೈನೂ ಇಟ್ಕೋ!"

ಬಂಡಿ ಈಗಲೂ ಓಡುತ್ತದೆ. ಅಳಿಸಿದ ಸಾಲನ್ನು ಮತ್ತೆ ಬರೆಯಲು ಶೇಷಾದ್ರಿಗೆ ಬರಲಿಲ್ಲ. ಹಾಗಾಗಿ ಬಂಡಿಗೊಂದು ಹಗ್ಗ ಕಟ್ಟಿ ಹಿಡಿದುಕೊಂಡು, ಎಲೆಯಿಂದ ಎಲೆಗೆ ಬಗ್ಗುತ್ತ, "ಬೇಕಾ, ಸಾಕಾ?" ಎಂದು ತಾನೇ ಕೇಳುತ್ತಾನೆ. ಬರಹ ಬಹಳ ಸರಳವಾಗಿದೆಯಂತೆ. ಸೊಂಟ ಮಾತ್ರ ನೋಯುತ್ತದಂತೆ.