ಸೀಡಿಗೆ ಟೂತ್‌ಪೇಸ್ಟ್ ಚಿಕಿತ್ಸೆ

ಈ ಸಂಕ್ರಾಂತಿಗೆ ಭೂಪಾಲ ಗೆದ್ದೇ ಗೆಲ್ಲುವವನಿದ್ದ. ಹದಿನೇಳು ವರ್ಷ ಒಂದೂ ತಪ್ಪದಂತೆ ಸೋತವನಿಗೆ ಇಷ್ಟು ಧೈರ್ಯ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಮೊಬೈಲಿನಿಂದ ಬಂತು. ಆ ಹಳೇ ಕಂಪ್ಯೂಟರ್ ಕ್ರಿಕೆಟ್ ಆಟದಲ್ಲಿ ಯಾರ್ಕರ್ ಹಾಕುವ ಗುಟ್ಟನ್ನು ಯಾರೋ ಪುಣ್ಯಾತ್ಮ ವಿಡಿಯೋ ಮಾಡಿ ಬಿಟ್ಟಿದ್ದ. ಭೂಪಾಲ ಅದನ್ನು ನಲವತ್ತು ಸಲ ನೋಡಿದ್ದ. ದ್ರಾಕ್ಷಿ ತೋಟದಲ್ಲಿ ಗೊನೆ ಎಣಿಸುವಾಗಲೂ ಅವನ ಹೆಬ್ಬೆರಳು ಗಾಳಿಯಲ್ಲಿ ಗುಂಡಿ ಒತ್ತುತ್ತಿತ್ತು.

ಎದುರಾಳಿ ಬೇರೆ ಯಾರೂ ಅಲ್ಲ, ಹೆಂಡತಿ ಮನಿಷಾಳ ತಮ್ಮ ವೃಷಭ. ಪ್ರತಿ ಸಂಕ್ರಾಂತಿಗೆ ಸದಲಗಾದಿಂದ ಅಥಣಿ ಕಡೆಯ ಈ ತೋಟದ ಮನೆಗೆ ಬಂದು, ಅಕ್ಕನಿಗೆ ಕುಸುರೆಳ್ಳು ಕೊಟ್ಟು, ದಾಜಿಯನ್ನು (ಅಕ್ಕನ ಗಂಡನಿಗೆ ಈ ಕಡೆ ಹಾಗೇ ಅನ್ನುವುದು) ಕ್ರಿಕೆಟ್ಟಿನಲ್ಲಿ ಸೋಲಿಸಿ ಹೋಗುವುದು ಅವನ ಪದ್ಧತಿ. ಸೋತವರು ಮನೆಮಂದಿಗೆಲ್ಲ ಚಹಾ ಮಾಡಿ ಕೊಡಬೇಕು. ಹದಿನೇಳು ವರ್ಷ ಭೂಪಾಲನೇ ಕೊಟ್ಟಿದ್ದ. ಹದಿನೇಳು ವರ್ಷವೂ ವೃಷಭ ಒಂದು ಗುಟುಕು ಕುಡಿದು, "ದಾಜೀ, ಸಕ್ಕರಿ ಸ್ವಲ್ಪ ಕಡಿಮಿ ಆತು ನೋಡ್ರಿ" ಎಂದಿದ್ದ. ಸೋಲನ್ನಾದರೂ ಭೂಪಾಲ ಸಹಿಸಿಯಾನು, ಆ ಮಾತನ್ನು ಸಹಿಸುವುದು ಸಾಧ್ಯವಿರಲಿಲ್ಲ.

ಹಬ್ಬ ನಾಲ್ಕು ದಿನ ಇರುವಾಗ ಆಟದ ಡಬ್ಬಿ ತೆಗೆದು ನೋಡಿದರೆ, ಸೀಡಿಯ ಮೈತುಂಬ ಗೀರು!

"ಮನಿಷಾ! ಯಾರ್ ಮುಟ್ಟಿದ್ರು ಇದನ್ನ?"

"ಆ ಡಬ್ಬಿಗೆ ನಿಮ್ಮನ್ನ ಬಿಟ್ಟು ಯಾರ್ ಕೈ ಹಚ್ಚತಾರ್ರಿ? ನನ್ನ ಬಂಗಾರ ಎಲ್ಲಿ ಐತಿ ಅಂತ ನಿಮಗ ಗೊತ್ತಿಲ್ಲ, ಆ ಡಬ್ಬಿ ಎಲ್ಲಿ ಐತಿ ಅಂತ ಕಣ್ಣು ಮುಚ್ಚಿ ಹೇಳ್ತೀರಿ."

"ಈ ಸಲ ನಿನ್ನ ತಮ್ಮನ ಕೈಲೆ ಚಹಾ ಮಾಡಸಂವ ಇದ್ದೆ!"

"ಚಹಾ ಅಂದ್ರ ನೆನಪಾತು. ಮದುವ್ಯಾಗ ಒಡಪಿನ್ಯಾಗ ಏನ್ ಹೇಳಿದ್ರಿ? ದಿನಾ ಮುಂಜಾನೆ ನನಗ ಚಹಾ ಮಾಡಿ ಕೊಡ್ತೇನಿ ಅಂದಿದ್ರಿಲ್ಲೋ?"

ಇದು ಆ ಮನೆಯ ಅತ್ಯಂತ ಪುರಾತನ ವ್ಯಾಜ್ಯ. ಮದುವೆಯಲ್ಲಿ ಗಂಡ ಹೆಂಡತಿ ಪರಸ್ಪರರ ಹೆಸರನ್ನು ಪ್ರಾಸ ಕಟ್ಟಿ ಹೇಳಬೇಕಲ್ಲ, ಆ ಒಡಪಿನಲ್ಲಿ ಭೂಪಾಲ ಹೀಗೊಂದು ಮಾತು ಕೊಟ್ಟನೆಂಬುದು ಮನಿಷಾಳ ವಾದ. ಕೊಟ್ಟೇ ಇಲ್ಲವೆಂಬುದು ಭೂಪಾಲನ ವಾದ.

"ಸಾಕ್ಷಿ ಎಲ್ಲೈತಿ?" ಎಂದು ಭೂಪಾಲ ಎಂದಿನಂತೆ ಎದೆಯುಬ್ಬಿಸಿದ. "ಅವ್ವಾ, ನೀನ ಹೇಳು, ನಾ ಹಂಗ ಅಂದಿದ್ದೆನು?"

ಕಟ್ಟೆಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ ಅವನ ತಾಯಿ ಮಂಗಲವ್ವ ತಲೆಯೆತ್ತಲಿಲ್ಲ. "ನಾ ಆವಾಗ ಬೀಗರ ಪಂಕ್ತಿ ನೋಡಾಕ ಹೋಗಿದ್ನೆಪಾ" ಎಂದಳು.

ಭೂಪಾಲನ ಈ ಧೈರ್ಯದ ಹಿಂದೆ ಒಂದು ಗುಟ್ಟಿತ್ತು. ದ್ರಾಕ್ಷಿ ಹಣ್ಣಾಗುವ ಕಾಲಕ್ಕೆ ಹಕ್ಕಿಗಳ ಕಾಟ ತಪ್ಪಿಸಲು ಹಳೇ ಸೀಡಿಗಳನ್ನು ದಾರಕ್ಕೆ ಕಟ್ಟಿ ತೂಗಬಿಡುವುದು ತೋಟದವರ ರೂಢಿ. ಬಿಸಿಲಿಗೆ ಅವು ಫಳಫಳ ಹೊಳೆದರೆ ಗಿಳಿಗಳು ಹತ್ತಿರ ಸುಳಿಯುವುದಿಲ್ಲ. ಹೋದ ಫೆಬ್ರುವರಿಯಲ್ಲಿ ಮನೆಯ ಸೀಡಿಗಳನ್ನೆಲ್ಲ ಗುಡ್ಡೆ ಹಾಕುವಾಗ, ಕಪಾಟಿನ ಮೂಲೆಯಲ್ಲಿ ಕುಂಕುಮದ ಬಣ್ಣದ ಕವರೊಂದು ಕಂಡಿತು. ಮೇಲೆ 'ಶುಭವಿವಾಹ'. ಅತ್ತಿತ್ತ ನೋಡಿ, ಒಳಗಿನ ಸೀಡಿಯನ್ನು ಮೆಲ್ಲಗೆ ಜಾರಿಸಿ, ತೋಟದ ಕಟ್ಟಕಡೆಯ ಸಾಲಿನಲ್ಲಿ ತನ್ನ ಕೈಯಾರೆ ಕಟ್ಟಿ ಬಂದಿದ್ದ. ಸಾಕ್ಷಿಯನ್ನು ಗಿಳಿ ಕಾಯಲು ಹಚ್ಚಿದ ಮೇಲೆ ಹೆದರಿಕೆ ಯಾಕೆ?

ಇರಲಿ. ಆಟದ ಸೀಡಿ ಉಳಿಯಬೇಕಿತ್ತು. ಚಿಕಿತ್ಸೆ ಶುರುವಾಯಿತು.

ಮೊದಲ ದಿನ ಟೂತ್‌ಪೇಸ್ಟ್ ಹಚ್ಚಿ ಗರಗರ ವೃತ್ತಾಕಾರವಾಗಿ ತಿಕ್ಕಿದ. ಹಳೇ ಗೀರುಗಳ ಜೊತೆಗೆ ಹೊಸವೂ ಬಂದವು. ಎರಡನೇ ದಿನ ಬಾಳೆಹಣ್ಣು ಸವರಿದ. ಕಂಪ್ಯೂಟರು ಕೊರ್ ಕೊರ್ ಎಂದು ಕೆಮ್ಮಿ ಸೀಡಿಯನ್ನು ಹೊರಗೆ ಉಗುಳಿತು. ಇರುವೆಗಳು ಮಾತ್ರ ಬಹಳ ಆಸ್ಥೆಯಿಂದ ಓದಿದವು. ಆಶ್ಚರ್ಯವೆಂದರೆ ಮನಿಷಾ ಒಂದು ಮಾತೂ ಬೈಯಲಿಲ್ಲ. ತಾನೇ ಹೊಸ ಟೂತ್‌ಪೇಸ್ಟ್ ತಂದುಕೊಟ್ಟಳು. ಮಾವನವರ ಕಾಲದ ಮೆತ್ತನೆ ಧೋತರವನ್ನು ಹರಿದು ಕೊಟ್ಟಳು. "ಸಾವಕಾಶ ತಿಕ್ಕರ್ರಿ, ಬಿರಿಸ್ ಮಾಡಬ್ಯಾಡ್ರಿ" ಎಂದು ಪಕ್ಕದಲ್ಲೇ ಕೂತಳು. ಎಂಥ ಹೆಂಡತಿ! ತವರಿನ ಅಭಿಮಾನ ಬಿಟ್ಟು ಗಂಡನ ಪಕ್ಷ ಸೇರಿದಳಲ್ಲ ಎಂದು ಭೂಪಾಲನ ಕಣ್ಣು ತೇವವಾಯಿತು.

ಮೂರನೇ ದಿನ ಅಥಣಿಗೆ ಹೋಗಿ ಕಂಪ್ಯೂಟರ್ ರಿಪೇರಿಯ ಜ್ಞಾನದೇವನಿಗೆ ತೋರಿಸಿದ.

"ಗರಗರ ತಿಕ್ಕಬಾರದ್ರಿ ಅಣ್ಣಾರ. ನಡು ತೂತಿನಿಂದ ಅಂಚಿಗೆ ಸೀದಾ ಎಳೀಬೇಕು. ಅವಸರ ಮಾಡಬ್ಯಾಡ್ರಿ."

ಅಷ್ಟೇ ಸಾಕಾಯಿತು. ಎಳೇ ದ್ರಾಕ್ಷಿ ಗೊನೆಗಳನ್ನು ಒಂದೊಂದಾಗಿ ಔಷಧದಲ್ಲಿ ಅದ್ದಿ ತೆಗೆದ ಕೈ ಅದು, ಒಂದು ಕಾಳು ಉದುರಿಸಿದ್ದಲ್ಲ. ಸಂಕ್ರಾಂತಿಯ ಮಧ್ಯಾಹ್ನದವರೆಗೆ ಭೂಪಾಲ ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ ಎಳೆದ. ಕೊನೆಗೆ ಸೀಡಿಯಲ್ಲಿ ಅವನ ಮೀಸೆ ಸ್ಪಷ್ಟವಾಗಿ ಕಂಡಿತು.

ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಜೈನರ ಮನೆಯಾದ್ದರಿಂದ ಪಂದ್ಯಕ್ಕೆ ಮೂರು ಗಂಟೆಯ ಮುಹೂರ್ತ. ವೃಷಭ ಬಂದವನೇ ತೋಳು ಮಡಚಿದ.

"ದಾಜೀ, ಸಕ್ಕರಿ ಡಬ್ಬಿ ತುಂಬೈತಿಲ್ಲೋ?"

"ತುಂಬೈತಿ. ಚಮಚಾ ಹಿಡಿಯೂದು ಕಲ್ತು ಬಂದೀಯಿಲ್ಲೋ, ಅದನ್ನ ಹೇಳು!"

ಮಂಗಲವ್ವನೂ ಕುರ್ಚಿ ಎಳೆದುಕೊಂಡು ಕೂತಳು. ಭೂಪಾಲ ಸೀಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕಂಪ್ಯೂಟರಿನೊಳಗೆ ಇಟ್ಟ. ಕೊರ್ ಎಂದಿತು. ಉಸಿರು ಬಿಗಿಹಿಡಿದ. ಕೊರ್ ಕೊರ್. ಆಮೇಲೆ, ಆಹಾ, ಸುಯ್ ಎಂದು ಸಲೀಸಾಗಿ ತಿರುಗತೊಡಗಿತು!

"ಓದ್ತು! ಓದ್ತು ನೋಡ್ರಿ!" ಭೂಪಾಲ ಕುಣಿದೇಬಿಟ್ಟ. "ಆಡೋ ಮಗನ, ಈಗ ಆಡು!"

ಪರದೆಯ ಮೇಲೆ ಮೈದಾನ ಬರಲಿಲ್ಲ. ಚಪ್ಪರ ಬಂತು. ಶಹನಾಯಿ ಮೊಳಗಿತು. ಬಾಸಿಂಗ ಕಟ್ಟಿಕೊಂಡ ತೆಳ್ಳನೆಯ ಭೂಪಾಲನೊಬ್ಬ, ಮಂದಿಯೆಲ್ಲ "ಒಡಪು! ಒಡಪು!" ಎಂದು ಕೂಗುತ್ತಿರಲು, ಮೈಕು ಕಸಿದುಕೊಂಡು, ಒಂದು ಸಲ ಸಾಲದೆಂಬಂತೆ ಮೂರು ಸಲ ಹೇಳಿದ:

"ಹೊಲದಾಗ ಬೆಳದೈತಿ ಕಬ್ಬು, ತ್ವಾಟದಾಗ ತೂಗತೈತಿ ದ್ರಾಕ್ಷಿ,
ಮನಿಷಾಗ ದಿನಾ ಮುಂಜಾನೆ ಚಹಾ ಮಾಡಿ ಕೊಡತೇನಿ, ಚಪ್ಪರದ ಮಂದಿ ಎಲ್ಲಾ ಸಾಕ್ಷಿ!"

ಚಪ್ಪರದಲ್ಲಿ ಮೊದಲ ಸಾಲಿನಲ್ಲಿ ಕೂತು ಬಾಯ್ತುಂಬ ನಗುತ್ತಿದ್ದವಳು ಮಂಗಲವ್ವ.

"ಅವ್ವಾ! ಪಂಕ್ತಿ ನೋಡಾಕ ಹೋಗಿದ್ದೆ ಅಂದೆಲ್ಲಾ?"

"ಮಗನ ಮರ್ಯಾದಿ ಅಂತ ಇಷ್ಟ ವರ್ಷ ಸುಮ್ಮನಿದ್ನೆಪಾ. ಇನ್ನ ನನ್ನ ಕೈಲೆ ಆಗಂಗಿಲ್ಲ."

ವೃಷಭ ನೆಲದ ಮೇಲೆ ಉರುಳಾಡಿ ನಗುತ್ತಿದ್ದ. ಭೂಪಾಲ ಹೆಂಡತಿಯತ್ತ ತಿರುಗಿ, "ಇದು ಆಟದ ಡಬ್ಬ್ಯಾಗ ಹೆಂಗ ಬಂತು?" ಎಂದ.

"ನಾನ ಇಟ್ಟಿದ್ದೆ. ಗೀರು ಬಿದ್ದೈತಿ, ಸರಿ ಮಾಡಸ್ರಿ ಅಂತ ಎಷ್ಟ ವರ್ಷ ಬಡಕೊಂಡೆ, ನೀವು ಕಿವಿ ಮ್ಯಾಲ ಹಾಕ್ಕೊಳ್ಳಲಿಲ್ಲ. ಈ ಮನ್ಯಾಗ ನೀವು ಜ್ವಾಕಿ ಮಾಡೂ ಡಬ್ಬಿ ಅದೊಂದ. ಹೋದ ಸಂಕ್ರಾಂತಿ ಮರುದಿನ ಇದನ್ನ ಅದರಾಗ ಹಾಕಿದೆ, ಆಟದ್ದನ್ನ ಮದುವಿ ಕವರಿನ್ಯಾಗ ಹಾಕಿದೆ. ಎರಡರ ಮ್ಯಾಲೂ ಹೆಸರಿಲ್ಲ, ನಿಮಗ ಹೆಂಗ ಗೊತ್ತಾಗಬೇಕು? ತಡೀರಿ, ಈಗ ತರ್ತೇನಿ, ಆಡ್ರಿ."

ಎದ್ದು ಹೋಗಿ ಕುಂಕುಮದ ಬಣ್ಣದ ಕವರು ತಂದು ತೆರೆದಳು. ಖಾಲಿ.

"ಅಯ್ಯ! ಮದುವಿ ಕವರಿನ್ಯಾಗಿನ ಸೀಡಿ ಯಾರ್ ತಗದ್ರು?"

ಭೂಪಾಲ ಕಿಟಕಿಯಾಚೆ ತೋಟದ ಕಟ್ಟಕಡೆಯ ಸಾಲನ್ನು ನೋಡಿದ. ನೋಡಬಾರದಿತ್ತು. ಉಳಿದ ಮೂವರೂ ಅತ್ತಲೇ ನೋಡಿದರು. ಇಳಿಬಿಸಿಲಿನಲ್ಲಿ ದಾರಕ್ಕೆ ತೂಗುತ್ತಿದ್ದ ಸೀಡಿಯೊಂದು ಫಳ್ಳೆಂದು ಹೊಳೆಯಿತು. ಅದರ ಪಕ್ಕದ ತಂತಿಯ ಮೇಲೆ ಗಿಳಿಯೊಂದು ನಿರಾಳವಾಗಿ ಕೂತು ದ್ರಾಕ್ಷಿ ತಿನ್ನುತ್ತಿತ್ತು.

ಆ ಸಂಜೆಯ ಚಹಾವನ್ನು, ಆಡದೆಯೇ, ಭೂಪಾಲ ಮಾಡಿದ. ಸಕ್ಕರೆಯ ವಿಷಯದಲ್ಲಿ ವೃಷಭ ಹೇಳಬೇಕಾದ್ದನ್ನು ಹೇಳಿದ.

ಮರುದಿನ ಮುಂಜಾನೆ ಆರಕ್ಕೆ ಒಲೆಯ ಮುಂದೆ ಹಾಲು ಉಕ್ಕುವುದನ್ನು ಕಾಯುತ್ತ ಭೂಪಾಲ ನಿಂತಿದ್ದ. ಪಕ್ಕದಲ್ಲಿ, ವರ್ಷವಿಡೀ ಗಾಳಿಗೆ ತಂತಿ ಬಡಿದು ಜರಡಿಯಂತಾದ ಆಟದ ಸೀಡಿ. ಒಳಗಿನಿಂದ ಮನಿಷಾ ಹಾಸಿಗೆಯಲ್ಲೇ ಕೂಗಿದಳು:

"ರೀ, ಟೂತ್‌ಪೇಸ್ಟ್ ಅಲ್ಲೇ ಕಟ್ಟಿ ಮ್ಯಾಲ ಇಟ್ಟೇನಿ. ಮುಂದಿನ ಸಂಕ್ರಾಂತಿಗೆ ಇನ್ನೂ ಒಂದ್ ವರ್ಷ ಐತಿ, ಸಾವಕಾಶ ತಿಕ್ಕರ್ರಿ. ಮೊದಲ ಚಹಾ ತರ್ರಿ."