ಸರಸು ಮೇಡಂ ಬದನೆ ಸಸಿ

ಕೇಶವಮೂರ್ತಿಗೆ ಬದನೆಕಾಯಿ ಆಗಿಬರದು. ಒಂದು ಹೋಳು ತಿಂದರೂ ಮೈಯೆಲ್ಲ ತುರಿಕೆ. ಅಂಥವನ ಮನೆಯ ಕಿಟಕಿಯಲ್ಲಿ ಒಂದು ಟ್ರೇ ತುಂಬ ಬದನೆ ಸಸಿ ಇದ್ದವೆಂದರೆ ಅದಕ್ಕೆ ಕಾರಣ ಪ್ರೀತಿಯಲ್ಲ, ರಜೆ.

ಮುಂದಿನ ವಾರ ಹಾಸನದಲ್ಲಿ ಅವನ ಹೆಂಡತಿ ಹಂಸಾಳ ತಂಗಿಯ ಮದುವೆ. ರಜೆ ಅರ್ಜಿ ಮಾತ್ರ ಡೈರೆಕ್ಟರ್ ಕಾರ್ಯಪ್ಪನವರ ಮೇಜಿನ ಮೇಲೆ ಸಹಿಯಿಲ್ಲದೆ ಬಿದ್ದಿತ್ತು. ಅಷ್ಟರಲ್ಲಿ ಸಾಹೇಬರ ಹೆಂಡತಿ ಸರಸು ಮೇಡಂ ಮಡಿಕೇರಿಗೆ ಹೊರಟರು. "ಈ ಚಳೀಲಿ ಹೊರಗಿಟ್ರೆ ಸತ್ತೋಗ್ತವೆ. ನಿಮ್ಮನೆ ಒಳಗೇ ಬಿಸಿಲು ಬರುತ್ತಲ್ಲ, ನೋಡ್ಕೊಳ್ಳಿ" ಎಂದು ಟ್ರೇ ಕೈಗಿಟ್ಟರು. ಅರ್ಜಿ ಹಿಡಿದಿಟ್ಟುಕೊಂಡ ಸಾಹೇಬರ ಹೆಂಡತಿಗೆ ಆಗಲ್ಲ ಅನ್ನುವ ಗಂಡಸು ದೆಹಲಿಯ ಕಿದ್ವಾಯಿ ನಗರದಲ್ಲಿ ಇನ್ನೂ ಹುಟ್ಟಿಲ್ಲ.

ಮೇಡಂ ಹಿಂದಿರುಗುವ ದಿನ ಬೆಳಿಗ್ಗೆ ನೋಡಿದರೆ ಅರ್ಧ ಸಸಿ ಅಡ್ಡಬಿದ್ದಿದ್ದವು. ಎಲೆ ಹಸಿರಾಗೇ ಇದೆ, ಬುಡ ಮಾತ್ರ ಕೊಳೆತು ದಾರದಂತಾಗಿದೆ. ಮಣ್ಣಿನ ಮೇಲೆ ಬಿಳಿ ಬೂಷ್ಟು.

"ನೀರು ಸಾಲ್ದೇನೋ ರೀ," ಎಂದು ಹಂಸಾ ಒಂದು ಚೊಂಬು ಸುರಿದಳು. ಎದುರುಮನೆಯ ಚಡ್ಡಾ ಆಂಟಿ ಬಂದು, "ಠಂಡ್ ಲಗ್ ಗಯೀ ಬೇಟಾ," ಎಂದು ಚಳಿ ಹಿಡಿದ ಮಗುವಿಗೆ ಹೊದಿಸುವಂತೆ ಪ್ಲಾಸ್ಟಿಕ್ ಹೊದಿಸಿದರು. ಮೇಲಿನ ಮನೆಯ ವೆಂಕಟಸುಬ್ಬಯ್ಯನವರು ತಮ್ಮ ಹೀಟರನ್ನೇ ಹೊತ್ತು ತಂದು ಪಕ್ಕದಲ್ಲಿಟ್ಟರು. ಕೇಶವಮೂರ್ತಿ ಸ್ನಾನ ಮುಗಿಸಿ ಬರುವಷ್ಟರಲ್ಲಿ ಟ್ರೇಯೆಲ್ಲ ಇಡ್ಲಿಯಂತೆ ಬೆಂದು ಮಲಗಿತ್ತು.

ಕೆಳಗಿನ ಮನೆಯ ಶಾರದಮ್ಮ ಕೊನೆಗೆ ಬಂದರು. "ಇದು ಬುಡಕೊಳೆ ಕಣಪ್ಪಾ. ಗಾಳಿಯಾಡದ ಕಡೆ ನೀರು ಸುರಿದ್ರೆ ಬೂಷ್ಟು ಹಿಡಿದೇ ಹಿಡಿಯತ್ತೆ. ಪ್ಲಾಸ್ಟಿಕ್ ತೆಗಿ, ನೀರು ನಿಲ್ಸು, ಫ್ಯಾನ್ ಹಾಕು."

"ಇನ್ನೇನು ಫ್ಯಾನು ಶಾರದಮ್ಮಾ, ಹೆಣಕ್ಕೆ ಗಾಳಿ ಬೀಸಿದ ಹಾಗೆ," ಎಂದ ಕೇಶವಮೂರ್ತಿ. ಟ್ರೇಯನ್ನು ಮೆಟ್ಟಿಲ ಬಳಿ ಕಸದ ಡಬ್ಬಿಯ ಪಕ್ಕ ಇಟ್ಟು ಆಫೀಸಿಗೆ ಹೊರಟ. ಮದುವೆ ತಪ್ಪಿದರೆ ಹಂಸಾ ಜನ್ಮಪೂರ್ತಿ ಆಡಿಕೊಳ್ಳುತ್ತಾಳೆ ಎಂಬುದು ಅವನಿಗೆ ಗೊತ್ತಿತ್ತು.

"ಸರ್, ಮೇಡಂ ಸಸಿ... ಹೋಗ್ಬಿಟ್ವು."

ಕಾರ್ಯಪ್ಪನವರು ಕನ್ನಡಕ ತೆಗೆದರು. "ಎಲ್ಲಾನೂ?"

"ಎಲ್ಲಾನೂ ಸರ್. ಬುಡಕೊಳೆ."

"ಒಂದೂ ಉಳಿದಿಲ್ಲ?"

"ಇಲ್ಲ ಸರ್."

ಸಾಹೇಬರು ಎದ್ದು ಹೋಗಿ ಬಾಗಿಲು ಹಾಕಿದರು.

"ಕೂತ್ಕೊಳ್ರೀ," ಎಂದರು ಕಾರ್ಯಪ್ಪ. ಅವರ ಮುಖದಲ್ಲಿ ಎಂದೂ ಕಾಣದ ನಗು. "ಹೋದ ವರ್ಷ ಬಾಲ್ಕನಿ ತುಂಬ ಬದನೆ. ಬೆಳಿಗ್ಗೆ ಪಲ್ಯ, ಡಬ್ಬೀಲಿ ಎಣ್ಣೆಗಾಯಿ, ರಾತ್ರಿ ಗೊಜ್ಜು. ಪಂದಿ ಕರಿ ತಿಂದು ಬೆಳೆದ ಕೊಡವ ನಾನು. ಸರಸು ಕೈಯಾರೆ ಬೆಳೆದಿದ್ದು, ಬೇಡ ಅನ್ನೋಕೆ ಬಾಯಿಲ್ಲ. ನೀವು ದೇವರು ಬಂದ ಹಾಗೆ ಬಂದ್ರಿ." ಅರ್ಜಿ ಎಳೆದುಕೊಂಡು ಸಹಿ ಜಡಿದರು. "ಮದುವೆ ಚೆನ್ನಾಗಿ ಮಾಡ್ಕೊಂಡು ಬನ್ನಿ. ಅವಳಿಗೆ ನಾನು ಹೇಳ್ಕೋತೀನಿ."

ಕೇಶವಮೂರ್ತಿಯ ಎದೆ ಹಗುರಾಯಿತು. ಸಂಜೆ ಕಾಜು ಬರ್ಫಿ ಕಟ್ಟಿಸಿಕೊಂಡು, ಮೆಟ್ರೋದಲ್ಲಿ ನಿಂತೇ ಹಾಡು ಗುನುಗುತ್ತ ಮನೆಗೆ ಬಂದ. ಸತ್ತ ಸಸಿಗಳ ಆತ್ಮಕ್ಕೆ ಶಾಂತಿ ಕೋರುವಷ್ಟು ಖುಷಿಯಾಗಿದ್ದ.

ಕೆಳಗಿನ ಮನೆಯ ಬಾಗಿಲು ತೆರೆದಿತ್ತು. ಒಳಗೆ ಟೇಬಲ್ ಫ್ಯಾನ್ ಮೆಲ್ಲಗೆ ತಿರುಗುತ್ತಿತ್ತು. ಅದರ ಮುಂದೆ ಸಾಲು ಚಹಾ ಕಪ್ಪು, ಕಪ್ಪಿಗೊಂದು ಬದನೆ ಸಸಿ, ತಲೆಯೆತ್ತಿ ನಿಂತಿದೆ.

"ಅಂಚಿನವು ಬರೀ ಪ್ಲಾಸ್ಟಿಕ್ ಭಾರಕ್ಕೆ ಬಗ್ಗಿದ್ವು ಕಣಪ್ಪಾ, ಬುಡ ಗಟ್ಟಿಯಾಗೇ ಇತ್ತು," ಎಂದರು ಶಾರದಮ್ಮ. "ಹೊಸ ಮಣ್ಣಿಗೆ ಹಾಕಿ, ಅಡಿಯಿಂದ ಚೂರೇ ನೀರು ಕೊಟ್ಟೆ."

"ಮೇಡಂಗೆ ಹೇಳ್ಬೇಡಿ ಶಾರದಮ್ಮಾ, ದಮ್ಮಯ್ಯ."

"ಕನ್ನಡ ಸಂಘದಲ್ಲಿ ಪರಿಚಯ, ಆಗಲೇ ಅವರಿಗೆ ಫೋಟೋ ಕಳಿಸಿದೀನಲ್ಲ. ಏರ್‌ಪೋರ್ಟಿಂದಾನೇ ಫೋನ್ ಮಾಡಿದ್ರು, ಏನು ಸಂತೋಷ ಅಂತೀಯ. ಉಳಿಸಿದ್ದು ನೀನೇ ಅಂತ ಹೇಳಿದೀನಿ. ನಂಗ್ಯಾಕಪ್ಪ ಹೆಸರು."

ಅಷ್ಟರಲ್ಲಿ ಕೇಶವಮೂರ್ತಿಯ ಫೋನ್ ಬಡಿದುಕೊಂಡಿತು. ಕಾರ್ಯಪ್ಪನವರು. ದನಿ ಪಿಸುಪಿಸು. "ಸರಸು ಒಳಗಿದ್ದಾಳೆ, ಮೆತ್ತಗೆ ಮಾತಾಡಿ."

"ಸರ್, ರಜೆ..."

"ಸಹಿ ಮಾಡಿದ್ದನ್ನ ವಾಪಸ್ ತಗೊಳ್ಳಲ್ಲ. ಹೋಗ್ಬನ್ನಿ."

ಕೇಶವಮೂರ್ತಿ ಉಸಿರು ಬಿಟ್ಟ. ಹೋದ ಜೀವ ಬಂದಂತಾಯಿತು.

"ಆದ್ರೆ ಆ ಗಿಡ ಕಾಯಿ ಬಿಟ್ಟ ದಿನದಿಂದ ನನ್ನ ಊಟದ ಡಬ್ಬಿ ನಿಮ್ಮ ಟೇಬಲ್‌ಗೆ ಬರುತ್ತೆ. ಚೂರೂ ಉಳಿಸದೆ ತಿಂದು ಕಳಿಸ್ಬೇಕು. ಅವಳು ಡಬ್ಬಿ ತೆಗೆದು ನೋಡ್ತಾಳೆ."

ಮನೆಯಲ್ಲಿ ಹಂಸಾ ಬರ್ಫಿ ಬಿಚ್ಚುತ್ತ ಎಲ್ಲ ಕೇಳಿ ನಕ್ಕಳು. "ಮದುವೆಗಂತೂ ಹೋಗ್ತೀವಲ್ಲ, ಬಿಡಿ. ಪುರಾಣ ಹೇಳೋಕೆ ಬಿಲ್ಡಿಂಗೆಲ್ಲ, ಬದನೆಕಾಯಿ ತಿನ್ನೋಕೆ ಮಾತ್ರ ನೀವು."

ಕೇಶವಮೂರ್ತಿ ಆಗಲೇ ಮೊಣಕೈ ತುರಿಸಿಕೊಳ್ಳುತ್ತಿದ್ದ.